ಶರ್ಲಮ್ಮ ಕೂತ ಗಳಿಗೆ

ಈ ದೇಶದ ಸ್ಯಾಂಡ್‌ವಿಚ್ಚಿನ ಮೇಲೆ ನನ್ನದೊಂದು ಹಳೆಯ ತಕರಾರಿದೆ. ಅದರ ಮುಖ ನೋಡಿ, ನಾವು ಬಂದಿರುವುದು ಶುಭಕಾರ್ಯಕ್ಕೋ ಅಶುಭಕ್ಕೋ ಎಂದು ಹೇಳುವುದು ಸಾಕ್ಷಾತ್ ಬ್ರಹ್ಮನಿಗೂ ಆಗದ ಮಾತು. ಮಗುವಿನ ನಾಮಕರಣಕ್ಕೂ ಅದೇ, ಮದುವೆಯ ಮುನ್ನಾದಿನಕ್ಕೂ ಅದೇ, ಆಫೀಸಿನವರ ನಿವೃತ್ತಿಗೂ ಅದೇ, ಕಡೆಗೆ ಮಣ್ಣು ಮಾಡಿ ಬಂದ ಮಧ್ಯಾಹ್ನಕ್ಕೂ ಅದೇ: ಅಂಚು ಕತ್ತರಿಸಿದ ಬಿಳಿ ಬ್ರೆಡ್ಡು, ಒಳಗೆ ಕಿವುಚಿದ ಮೊಟ್ಟೆಯೋ ತೆಳ್ಳಗೆ ಹೆಚ್ಚಿದ ಸೌತೆಕಾಯಿಯೋ, ಮೂಲೆಯಿಂದ ಮೂಲೆಗೆ ಕೊಯ್ದು ತ್ರಿಕೋನವಾಗಿಸಿ, ಸುಖದುಃಖಗಳೆರಡರಲ್ಲೂ ಸಮಚಿತ್ತ ಕಾಯ್ದುಕೊಂಡ ಸ್ಥಿತಪ್ರಜ್ಞನಂತೆ ತಟ್ಟೆಯಲ್ಲಿ ಪೇರಿಸಿ ಕೂರಿಸಿರುತ್ತಾರೆ. ನಮ್ಮ ಕಡೆ ಹೀಗಲ್ಲ. ಎಲೆಯ ಮುಂದೆ ಕೂತವನಿಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಚಿರೋಟಿಯ ಮೇಲೆ ಬಾದಾಮಿ ಹಾಲು ಬಿದ್ದರೆ ಮದುವೆ. ಹುರುಳೀಕಾಯಿ, ಎಲೆಕೋಸು ನಾಪತ್ತೆಯಾಗಿ ವಡೆಯ ಪಕ್ಕದಲ್ಲಿ ಎಳ್ಳುಂಡೆ ಪ್ರತ್ಯಕ್ಷವಾದರೆ ತಿಥಿ. ಅಕ್ಷರ ಓದಲು ಬಾರದ ವಯಸ್ಸಿನಲ್ಲೇ ನಾನು ಎಲೆ ಓದಬಲ್ಲವನಾಗಿದ್ದೆ. ಹೊಟ್ಟೆಯ ವಿಷಯದಲ್ಲಿ ನನ್ನ ವಿದ್ಯಾಭ್ಯಾಸ ಬೇಗ ಆರಂಭವಾಯಿತು, ಉಳಿದ ವಿಷಯಗಳಲ್ಲಿ ಇನ್ನೂ ನಡೆಯುತ್ತಿದೆ.

ಸ್ಯಾಂಡ್‌ವಿಚ್ಚಿನ ಮೇಲೆ ತೀರ್ಪು ಕೊಡಲು ನಿನಗೇನಯ್ಯಾ ಅಧಿಕಾರ ಎಂದು ನೀವು ಕೇಳಬಹುದು. ಇದೆ ಸ್ವಾಮಿ. ಬ್ರಿಸ್ಬೇನಿನಲ್ಲಿ ನನ್ನ ತಂಗಿಯ ಗಂಡನಿಗೆ ಡಾಕ್ಟರೇಟು ಬಂದ ದಿನ ವಿಶ್ವವಿದ್ಯಾಲಯವಿರುವ ಸೇಂಟ್ ಲೂಸಿಯಾದ ಹುಲ್ಲುಹಾಸಿನ ಮೇಲೆ, ನದಿಯಲ್ಲಿ ದೋಣಿಗಳು ಹೋಗಿಬರುವುದನ್ನು ನೋಡುತ್ತ ತಿಂದಿದ್ದೇನೆ. ಅಡಿಲೇಡಿನಲ್ಲಿ ಮಂಗಳೂರಿನ ಗೆಳೆಯ ರೊನಾಲ್ಡನ ಮಗಳು ಚರ್ಚಿನಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸಿದ ದಿನ ತಿಂದಿದ್ದೇನೆ. ಪರ್ತಿನ ಮೀಟಿಂಗುಗಳಲ್ಲಂತೂ, ಮಾತಾಡಲು ಏನೂ ತೋಚದಾಗ ಬಾಯಿಗೊಂದು ಕೆಲಸವಿರಲೆಂದೇ ತಿಂದಿದ್ದೇನೆ. ತಿನ್ನದೆ ಎದ್ದುಬಂದದ್ದು ಇಡೀ ಜೀವಮಾನದಲ್ಲಿ ಒಂದೇ ಸಲ. ಆ ಸ್ಯಾಂಡ್‌ವಿಚ್ಚನ್ನು ಮಾಡಿದಾಕೆಯ ಬಗ್ಗೆ ನಿಮಗೆ ಹೇಳಬೇಕು.

ನಾವು ಈ ದೇಶಕ್ಕೆ ಬಂದದ್ದು ಒಂದು ಷರತ್ತಿನ ವೀಸಾದ ಮೇಲೆ. ಮಹಾನಗರ ಬಿಟ್ಟು ಒಳನಾಡಿನಲ್ಲಿ ಕೆಲವು ವರ್ಷ ಬಾಳಿ ತೋರಿಸಿದರೆ ಮುಂದಿನ ಬಾಗಿಲು ತೆರೆಯುತ್ತದೆ ಎಂಬುದು ಷರತ್ತು. ವನವಾಸ ಮುಗಿಸಿದರೆ ಪಟ್ಟಾಭಿಷೇಕ ಎಂಬ ಪರಂಪರೆ ನಮ್ಮ ರಕ್ತದಲ್ಲೇ ಇರುವುದರಿಂದ ಒಪ್ಪಿಕೊಂಡೆವು. ಪರ್ತಿನಿಂದ ಹೊರಟು, ಸ್ವಾನ್ ವ್ಯಾಲಿಯ ದ್ರಾಕ್ಷಿತೋಟಗಳನ್ನು ಒಂದು ಪಕ್ಕಕ್ಕೆ ಬಿಟ್ಟು, ಬೆಟ್ಟದ ಸಾಲನ್ನು ಹತ್ತಿ ಪೂರ್ವಕ್ಕೆ ಇಳಿದರೆ ಗೋಧಿಸೀಮೆ ಶುರುವಾಗುತ್ತದೆ. ಅಲ್ಲಿಂದ ಮುಂದೆ ಭೂಮಿಗೆ ಉಬ್ಬುತಗ್ಗೆಂಬ ಚಟವೇ ಇಲ್ಲ. ಕಣ್ಣು ಹಾಯಿಸಿದಷ್ಟೂ ಗೋಧಿ, ಅದರ ಮೇಲೆ ಅಳತೆ ತಪ್ಪಿ ಹೊಲಿದಂತಿರುವ ಆಕಾಶ, ಮನೆಗೂ ಮನೆಗೂ ನಡುವೆ ನಮ್ಮ ಒಂದು ಹೋಬಳಿಯಷ್ಟು ಅಂತರ. ನನ್ನ ಹೆಂಡತಿ ಸುಮಾ ಊರಿನ ಒಂದೇ ಒಂದು ಔಷಧಿ ಅಂಗಡಿಯ ಫಾರ್ಮಸಿಸ್ಟು, ನಾನು ಅಲ್ಲಿನ ಪಂಚಾಯಿತಿ ಕಚೇರಿಯ ಇಂಜಿನಿಯರು. ಮೈಸೂರಿನಲ್ಲಿ ಮೇಲ್ಸೇತುವೆಯ ಕನಸು ಕಂಡವನ ಪಾಲಿಗೆ ಬಂದದ್ದು ಜಲ್ಲಿರಸ್ತೆಗಳು. ಮಳೆ ಬಂದರೆ ಅವು ಕೊಚ್ಚಿಹೋಗುತ್ತಿದ್ದವು, ಬಾರದಿದ್ದರೆ ಧೂಳಾಗಿ ಹಾರಿಹೋಗುತ್ತಿದ್ದವು; ಎರಡಕ್ಕೂ ಹೊಣೆ ನಾನೇ.

ನಾವು ಮನೆ ಹೊಕ್ಕ ವಾರದಲ್ಲೇ ಬಾಗಿಲು ತಟ್ಟಿದವರು ಶರ್ಲಿ. ಎಪ್ಪತ್ತರ ಆಸುಪಾಸು, ಬಿಸಿಲಿಗೆ ಕೆಂಚಾದ ಎತ್ತರದ ಆಳು, ಕಾಲಲ್ಲಿ ಬೂಟು, ಕೈಯಲ್ಲೊಂದು ಕೇಕು. ಸೌದೆರಾಶಿಗೆ ಕೈ ಹಾಕುವ ಮುನ್ನ ಕೋಲಿನಿಂದ ಬಡಿಯಬೇಕು, ಹಾವಿರುತ್ತದೆ; ಕಸದ ಗಾಡಿ ಯಾವತ್ತು ಬರುತ್ತದೆ, ಡಾಕ್ಟರು ಯಾವ ವಾರ ಇರುವುದಿಲ್ಲ ಎಂಬುದನ್ನೆಲ್ಲ ಬಾಗಿಲಲ್ಲಿ ನಿಂತೇ ಹೇಳಿದರು. ಒಳಗೆ ಬನ್ನಿ ಎಂದರೆ ಬಂದರು, ಕೂತುಕೊಳ್ಳಿ ಎಂದರೆ ಕೂರಲಿಲ್ಲ. ನಾವು ಮೊಟ್ಟೆ ತಿನ್ನುವುದಿಲ್ಲವೆಂದು ಸುಮಾ ಸಂಕೋಚದಿಂದ ತಿಳಿಸಿದಾಗ, ಹೌದಾ ಎಂದಷ್ಟೇ ಹೇಳಿ ಕೇಕನ್ನು ಎತ್ತಿಕೊಂಡು ಹೋದರು. ನಾವು ಇಡೀ ರಾತ್ರಿ ಆಕೆಗೆ ಅವಮಾನ ಮಾಡಿದೆವೇನೋ ಎಂದು ಚಡಪಡಿಸಿದೆವು. ಮರುದಿನ ಮೊಟ್ಟೆ ಇಲ್ಲದ, ವಿನಿಗರ್ ಹಾಕಿ ಉಬ್ಬಿಸಿದ ಇನ್ನೊಂದು ಕೇಕು ಬಂತು. ನಿನ್ನೆಯದು ಗಂಡ ಕೆನ್ನನಿಗೆ ಸಂದಿತಂತೆ.

ಶರ್ಲಿಯ ಬಾಳು ದೊಡ್ಡ ಘಟನೆಗಳ ಬಾಳಲ್ಲ, ಹಾಗೆಂದು ಸಣ್ಣದೂ ಅಲ್ಲ. ಹುಟ್ಟಿದ್ದು ಅದೇ ಸೀಮೆಯ ಒಂದು ಹೊಲದಲ್ಲಿ, ಮದುವೆಯಾಗಿ ಬಂದದ್ದು ಬೇಲಿಯಾಚೆಯ ಇನ್ನೊಂದು ಹೊಲಕ್ಕೆ. ಗಂಡು ನೋಡುವ ಶಾಸ್ತ್ರ ಟ್ರ್ಯಾಕ್ಟರಿನ ಮೇಲೇ ನಡೆಯಿತೆಂದು ಕೆನ್ ತಮಾಷೆ ಮಾಡುತ್ತಿದ್ದ. ಸುಗ್ಗಿಯಲ್ಲಿ ಗಂಡನೂ ಮಗಳು ಜೆನ್ನಿಯೂ ಕೊಯ್ಲಿನ ಯಂತ್ರಗಳ ಮೇಲಿದ್ದರೆ, ಈಕೆ ಧಾನ್ಯ ತುಂಬುವ ಬಂಡಿ ಓಡಿಸುತ್ತ ನಡುನಡುವೆ ಎಲ್ಲರ ಊಟವನ್ನು ಹೊಲಕ್ಕೇ ಒಯ್ಯುತ್ತಿದ್ದರು. ಊರಿನ ಮಕ್ಕಳಿಗೆ ಈಜು ಕಲಿಸಿದವರು ಈಕೆ, ಕಾಡುಬೆಂಕಿ ಬಿದ್ದಾಗ ಬೆಂಕಿ ಆರಿಸುವ ಗಂಡಸರಿಗೆ ಟೀ ಹೊತ್ತವರು ಈಕೆ. ಊರಿನ ಆಂಬುಲೆನ್ಸಿಗೆ ಸಂಬಳದ ಚಾಲಕರಿಲ್ಲ, ಊರವರೇ ಪಾಳಿಯ ಮೇಲೆ ಓಡಿಸಬೇಕು. ಆ ಪಾಳಿಯಲ್ಲೂ ಈಕೆ. ಇನ್ನು ಊರಿನ ಸಭಾಂಗಣದ ಅಡುಗೆಮನೆಯಂತೂ ಆಕೆಯದೇ ರಾಜ್ಯ. ಯಾರ ಮನೆಯಲ್ಲಿ ಸಾವಾದರೂ ಸ್ಮಶಾನದಿಂದ ಜನ ಅಲ್ಲಿಗೆ ಬಂದು ಟೀ ಕುಡಿದೇ ಹೋಗುವುದು ಆ ಸೀಮೆಯ ಪದ್ಧತಿ, ಆ ಟೀ ಮೇಜಿನ ಹಿಂದೆ ಏಪ್ರನ್ ಕಟ್ಟಿ ನಿಂತಿರುವುದು ಶರ್ಲಿ. ಆಸ್ಪತ್ರೆಗೆ ತಾನೇ ಕರೆದೊಯ್ದವರು ಬದುಕಿ ಬಾರದಿದ್ದರೆ, ಅವರ ಸ್ಯಾಂಡ್‌ವಿಚ್ಚನ್ನೂ ತಾನೇ ಕತ್ತರಿಸುತ್ತಿದ್ದರು.

ಎರಡನೆಯ ವರ್ಷ ನನ್ನ ಅಮ್ಮ ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ಬಂದರು. ಅಮ್ಮನಿಗೆ ಬರುವ ಇಂಗ್ಲಿಷು ಬೆರಳೆಣಿಕೆಯ ಪದಗಳದ್ದು, ಶರ್ಲಿಗೆ ಕನ್ನಡ ಶೂನ್ಯ. ಆದರೂ ಇಬ್ಬರಿಗೂ ಹೇಗೋ ಹೊಂದಿಕೆಯಾಯಿತು. ನಮ್ಮ ಹಿತ್ತಲಲ್ಲಿ ಮೆಂತ್ಯ ಸೊಪ್ಪು ಬೆಳೆಯುವುದು ಹೇಗೆಂದು ಇಬ್ಬರೂ ಕೈಸನ್ನೆಯಲ್ಲೇ ತೀರ್ಮಾನಿಸಿದರು, ಅದು ಬೆಳೆಯಿತು ಕೂಡ. ಅಮ್ಮ ಆಕೆಯನ್ನು ಶರ್ಲಮ್ಮ ಮಾಡಿದರು. ಬಂದಾಗಲೆಲ್ಲ ಕುರ್ಚಿ ಎಳೆದು "ಕೂತ್ಕೊಳ್ಳಮ್ಮ" ಎನ್ನುವುದು, ಶರ್ಲಮ್ಮ ನಗುತ್ತ ನಿಂತೇ ಇರುವುದು, ನಿಂತೇ ಸಿಂಕಿನಲ್ಲಿದ್ದ ಪಾತ್ರೆಗಳನ್ನು ಮಾತಿನ ನಡುವೆ ತೊಳೆದುಬಿಡುವುದು ನಿತ್ಯದ ಪಾಡಾಯಿತು. ಅಮ್ಮನ ಮನಸ್ಸಿಗೆ ಇದು ಹಿಡಿಸಲಿಲ್ಲ. ಆ ಹೆಂಗಸು ಕೂತು ಉಣ್ಣುವುದನ್ನು ಯಾರಾದರೂ ನೋಡಿದ್ದೀರಾ, ಅವಳಿಗೆ ಬಡಿಸುವವರು ಯಾರಾದರೂ ಇದ್ದಾರಾ ಎಂದು ನನ್ನನ್ನೂ ಸುಮಾಳನ್ನೂ ಪಾಟೀಸವಾಲು ಮಾಡುತ್ತಿದ್ದರು. ನಮಗೇನು ಗೊತ್ತು? ನಾವು ಅಂಥ ಪ್ರಶ್ನೆಯನ್ನೇ ಕೇಳಿಕೊಂಡಿರಲಿಲ್ಲ, ಕೇಕು ತಿನ್ನುತ್ತಿದ್ದೆವು.

ಸುಗ್ಗಿ ಮುಗಿದ ಮೇಲೊಂದು ದಿನ ಕೆನ್ ಯಂತ್ರಗಳ ಕೊಟ್ಟಿಗೆಯಲ್ಲಿ ಕುಸಿದುಬಿದ್ದ. ಆ ದಿನ ಆಂಬುಲೆನ್ಸಿನ ಪಾಳಿಯೂ ಶರ್ಲಿಯದೇ. ಮಗಳು ಎದೆ ಒತ್ತುತ್ತ ಹಿಂದೆ ಕೂತಿದ್ದಳು, ತಾಯಿ ಗಾಡಿ ಓಡಿಸಿದರು, ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದುಹೋಗಿತ್ತು. ನನ್ನ ಕಾರು ಕೆಸರಲ್ಲಿ ಹೂತಾಗ ಒಂದೂ ಮಾತಾಡದೆ ಹಗ್ಗ ಕಟ್ಟಿ ಎಳೆದುಕೊಟ್ಟ ಮನುಷ್ಯ ಅವನು. ನಾವೆಲ್ಲ ಸ್ಮಶಾನಕ್ಕೆ ಹೋದೆವು, ಅಮ್ಮನೂ ಹಟ ಹಿಡಿದು ಬಂದರು. ಮಣ್ಣು ಹಾಕಿದ ಮೇಲೆ ಊರಿಗೆ ಊರೇ ಸಭಾಂಗಣಕ್ಕೆ ನಡೆಯಿತು, ಜನರ ಹಿಂದೆ ನಾವೂ ನಡೆದೆವು.

ಒಳಗೆ ಹೋಗಿ ನೋಡಿದರೆ ಟೀ ಮೇಜಿನ ಹಿಂದೆ ಶರ್ಲಿ! ಜೊತೆಗೆ ನಿಲ್ಲುತ್ತಿದ್ದ ಇಬ್ಬರು ಹಿರಿಯರಲ್ಲಿ ಒಬ್ಬರು ಪರ್ತಿನಲ್ಲಿ ಆಸ್ಪತ್ರೆ ಸೇರಿದ್ದರು, ಇನ್ನೊಬ್ಬರಿಗೆ ಕೈ ನಡುಕ. ಹಾಗಾಗಿ ಕಪ್ಪು ಉಡುಪಿನ ಮೇಲೇ ಏಪ್ರನ್ ಕಟ್ಟಿಕೊಂಡು, ಎಂದಿನಂತೆ, ಬಂದವರಿಗೆ ಹಾಲು ಎಷ್ಟು ಸಕ್ಕರೆ ಎಷ್ಟು ಎಂದು ವಿಚಾರಿಸುತ್ತ ನಿಂತಿದ್ದರು. ಅಮ್ಮ ಬಾಗಿಲಲ್ಲೇ ನಿಂತುಬಿಟ್ಟರು. ನಮ್ಮ ಮನೆಯ ಕ್ರಮ ನಿಮಗೆ ಗೊತ್ತೇ ಇದೆ. ಸಾವಿನ ಮನೆಯಲ್ಲಿ ನೀರೂ ಮುಟ್ಟುವಂತಿಲ್ಲ, ಹೊರಡುವಾಗ ಹೋಗಿಬರುತ್ತೇನೆ ಎನ್ನುವಂತಿಲ್ಲ, ಸದ್ದಿಲ್ಲದೆ ಎದ್ದು ಬಂದು ತಲೆಗೆ ಸ್ನಾನ ಮಾಡಬೇಕು. ಅದೊಂದೇ ಆಗಿದ್ದರೆ ಪರದೇಶದಲ್ಲಿ ಪರವಾಗಿಲ್ಲ ಬಾಮ್ಮ ಎಂದು ನಾನು ಅಮ್ಮನನ್ನು ಒಪ್ಪಿಸುತ್ತಿದ್ದೆನೋ ಏನೋ. ಆದರೆ ಅಮ್ಮನ ಮುಖ ಕೆಂಪಾಗಿತ್ತು.

"ಮುರಳಿ, ಗಂಡನ್ನ ಮಣ್ಣಿಗಿಟ್ಟು ಬಂದು ಇನ್ನೂ ಗಂಟೆ ಆಗಿಲ್ಲ ಕಣೋ. ಅವಳ ಕೈಲಿ ಬಡಿಸ್ಕೊಂಡು ನಾವು ತಿನ್ನೋದಾ? ಇವರಲ್ಲಿ ಯಾರಿಗೂ ಕಣ್ಣಿಲ್ವಾ? ನಡಿ ಮನೆಗೆ."

ನಡೆದೆವು. ಯಾರಿಗೂ ಹೇಳಲಿಲ್ಲ, ಕೇಳಲಿಲ್ಲ. ಮಳೆನೀರಿನ ತೊಟ್ಟಿ ಅರ್ಧಕ್ಕಿಳಿದಿದ್ದ ಆ ಬೇಸಗೆಯಲ್ಲಿ ಒಬ್ಬರ ಹಿಂದೊಬ್ಬರು ತಲೆಗೆ ನೀರು ಹಾಕಿಕೊಂಡು, ಮಾಡಬೇಕಾದದ್ದನ್ನು ಮಾಡಿದ ಸಮಾಧಾನದಲ್ಲಿ ಕೂತೆವು. ನಾನಂತೂ ಪಾರಾದೆನೆಂದೇ ತಿಳಿದಿದ್ದೆ. ತಾಯಿಯ ಮಾತನ್ನೂ ನಡೆಸಿದ್ದೆ, ಸತ್ತವನಿಗೆ ಗೌರವವನ್ನೂ ಸಲ್ಲಿಸಿದ್ದೆ.

ಮರುದಿನದಿಂದ ಊರಿನ ಗಾಳಿ ತಣ್ಣಗಾಯಿತು. ಔಷಧಿ ಅಂಗಡಿಗೆ ಬಂದವರು ಮಾತ್ರೆ ತೆಗೆದುಕೊಂಡು, ಹವಾಮಾನದ ಬಗ್ಗೆ ಒಂದೂ ಮಾತಾಡದೆ ಹೋಗುತ್ತಿದ್ದಾರೆಂದು ಸುಮಾ ಹೇಳಿದಳು. ಗೋಧಿಸೀಮೆಯಲ್ಲಿ ಒಬ್ಬರು ಇನ್ನೊಬ್ಬರ ಬಳಿ ಹವಾಮಾನ ಎತ್ತಲಿಲ್ಲವೆಂದರೆ ಬಹಿಷ್ಕಾರ ಹಾಕಿದ ಹಾಗೇ. ಶರ್ಲಿ ನಮ್ಮ ಮನೆಯ ಕಡೆ ಸುಳಿಯಲಿಲ್ಲ. ಸೂತಕವಲ್ಲವೇ, ಹೇಗೆ ಬಂದಾಳು ಎಂದು ಅಮ್ಮ ನಮಗೆ ಸಮಾಧಾನ ಹೇಳಿದರು. ನನಗೆ ಮಾತ್ರ ಒಳಗೊಳಗೇ ಅಳುಕು ಶುರುವಾಗಿ ಅಡಿಲೇಡಿನ ರೊನಾಲ್ಡನಿಗೆ ಫೋನು ಮಾಡಿದೆ. ಕುವೈತಿನಲ್ಲಿ ವರ್ಷಾನುಗಟ್ಟಲೆ ಇದ್ದು ಬಂದವನು, ಚರ್ಚಿನ ಕೂಟಗಳಲ್ಲಿ ಪಳಗಿದವನು, ಈ ದೇಶದ ನಾಡಿ ನನಗಿಂತ ಚೆನ್ನಾಗಿ ಹಿಡಿದವನು. ನಾನು ಕಥೆಯನ್ನೆಲ್ಲ ಹೇಳಿ ಮುಗಿಸಿದ ಮೇಲೆ ಅವನು ನನ್ನನ್ನೇ ತರಾಟೆಗೆ ತೆಗೆದುಕೊಂಡ.

"ಎಂತ ಮಾರಾಯ, ಟೀ ಕುಡಿಯದೆ ಬಂದದ್ದಾ? ಇಲ್ಲಿ ಆ ಟೀಯೇ ಕಾರ್ಯ. ಸತ್ತವನ ಹೆಸರಲ್ಲಿ ಒಂದು ಕಪ್ ಕುಡಿಲಿಕ್ಕೆ ಸಹ ನಿಮಗೆ ಮನಸ್ಸಿಲ್ಲ ಅಂತ ಆಯ್ತಲ್ಲ."

ಹೀಗೂ ಉಂಟೇ ಎಂದು ನಾನು ತಲೆ ಕೆರೆದುಕೊಂಡೆ. ನಮ್ಮಲ್ಲಿ ತಿಂದರೆ ಅಪಚಾರ, ಇಲ್ಲಿ ತಿನ್ನದಿದ್ದರೆ ಅಪಚಾರ. ಎರಡು ಕಡೆಯವರೂ ಸಾವಿಗೆ ಕೈಮುಗಿಯುತ್ತಿರುವುದೇ ನಿಜ, ಒಬ್ಬರ ಬೆನ್ನು ಇನ್ನೊಬ್ಬರಿಗೆ ಕಾಣುತ್ತಿದೆ ಅಷ್ಟೆ. ಈ ತತ್ತ್ವಚಿಂತನೆಯನ್ನು ನಾನು ಇನ್ನೂ ವಿಸ್ತರಿಸುತ್ತಿದ್ದೆನೋ ಏನೋ, ಅಷ್ಟರಲ್ಲಿ ಜೆನ್ನಿ ಸಿಕ್ಕಿದಳು. ಅವರ ಹೊಲದ ಪಕ್ಕದ ರಸ್ತೆಗೆ ಜಲ್ಲಿ ಹಾಕಿಸುತ್ತ ನಿಂತಿದ್ದೆ, ಅವಳು ಗಾಡಿ ನಿಲ್ಲಿಸಿ ಕಿಟಕಿ ಇಳಿಸಿದಳು. ತಂದೆ ಹೋದ ಮೇಲೆ ಅಷ್ಟೂ ಜಮೀನಿನ ಭಾರ ಹೊತ್ತಿದ್ದ ಹುಡುಗಿ, ಕಣ್ಣ ಸುತ್ತ ಕಪ್ಪು. ನಾನು ತಡಬಡಾಯಿಸಿ ನಮ್ಮ ಪದ್ಧತಿಯನ್ನೆಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು, ಕೋಪವನ್ನೇನೂ ತೋರಿಸಲಿಲ್ಲ.

"ನಿಮ್ಮ ತಾಯಿಗೆ ಅಂತ ಅಮ್ಮ ಬೇರೇನೇ ಒಂದು ತಟ್ಟೆ ಮಾಡಿದ್ರು" ಎಂದಳು. "ಸೌತೆಕಾಯಿದು. ಮೊಟ್ಟೆಗೆ ಇಟ್ಟಿದ್ದ ಚಾಕು ಕೂಡ ಅದಕ್ಕೆ ತಾಗಿಸ್ಲಿಲ್ಲ. ಅಪ್ಪನ್ನ ಒಯ್ಯೋಕೆ ಗಾಡಿ ಬರೋ ಮುಂಚೆ ಕೂತು... ಅಲ್ಲ, ನಿಂತೇ ಮಾಡಿದ್ರು. ಮುಚ್ಚಿಟ್ಟಿದ್ದು ಹಾಗೇ ವಾಪಸ್ ಬಂತು."

ಇಷ್ಟು ಹೇಳಿ ಗಾಡಿ ಬಿಟ್ಟುಕೊಂಡು ಹೋದಳು. ನಾನು ಜಲ್ಲಿಯ ರಾಶಿಯ ಪಕ್ಕದಲ್ಲಿ ನಿಂತು ಅತ್ತೆ. ಕೆಲಸದವರಿಗೆ ಕಣ್ಣಿಗೆ ಧೂಳು ಬಿತ್ತೆಂದೆ, ಆ ಊರಿನಲ್ಲಿ ಅದನ್ನು ಯಾರೂ ಅನುಮಾನಿಸುವುದಿಲ್ಲ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು. ಗಂಡ ಸತ್ತು ಮಲಗಿದ್ದಾಗ ತನಗೋಸ್ಕರ ಬೇರೆ ಮಾಡಿದಳಾ ಎಂದು ಒಮ್ಮೆ ನನ್ನನ್ನು ಕೇಳಿದರು, ಆಮೇಲೆ ತಮ್ಮನ್ನೇ ಒಮ್ಮೆ ಕೇಳಿಕೊಂಡರು. ಅಳಲಿಲ್ಲ. ಎದ್ದು ಕುಕ್ಕರ್ ಇಟ್ಟರು. ಖಾರ ತೋರಿಸದ ತೊವ್ವೆ, ಮೆತ್ತಗೆ ಮಾಡಿದ ಅನ್ನ, ಒಂದು ಬಟ್ಟಲು ತುಪ್ಪ. ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದು, ಅಕ್ಕಪಕ್ಕದವರು ಅನ್ನ ಒಯ್ಯಬೇಕು. ಇಷ್ಟು ದಿನ ಒಯ್ಯದೆ ಇದ್ದೆವಲ್ಲ, ನಾವೂ ಮನುಷ್ಯರಾ ಎಂದು ಡಬ್ಬಿಗೆ ತುಂಬುತ್ತಲೇ ನಮ್ಮಿಬ್ಬರಿಗೂ ಮಂಗಳಾರತಿ ಎತ್ತಿದರು. ಸೂತಕದ ಮನೆಯೆಂದು ನಾವು ಸುಮ್ಮನಿದ್ದೆವಮ್ಮ ಎಂದು ನಾನು ನೆನಪಿಸಿದ್ದಕ್ಕೆ ಡಬ್ಬಿಯನ್ನು ನನ್ನ ಕೈಗೆ ತುರುಕಿದರು.

ಶರ್ಲಿಯ ಮನೆಯ ಮುಂದೆ ಕಾರು ನಿಂತಾಗ ಆಕೆಯೇ ಬಾಗಿಲು ತೆರೆದರು. ಬನ್ನಿ ಎಂದರು, ಮರ್ಯಾದೆಯಿಂದ, ಹೊಸಬರನ್ನು ಕರೆಯುವ ಹಾಗೆ. ಅಮ್ಮ ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ನಡೆದರು. ಆ ಮನೆಯ ಊಟದ ಮೇಜು ಅಡುಗೆಮನೆಯಲ್ಲೇ ಇತ್ತು, ಅದರ ಸುತ್ತ ಕುರ್ಚಿಗಳು. ಅಮ್ಮ ಒಂದನ್ನು ಎಳೆದು ಶರ್ಲಿಯ ಕೈಹಿಡಿದು ಕೂರಿಸಿದರು. ಶರ್ಲಿ ಕೂತರು, ಆ ಕ್ಷಣವೇ ಎದ್ದರು. ಬಂದವರಿಗೆ ಟೀಗೆ ನೀರಿಡಬೇಕಲ್ಲ. ಅಮ್ಮ ಭುಜ ಒತ್ತಿ ಕೂರಿಸಿದರು. ತಟ್ಟೆ ತರುತ್ತೇನೆಂದು ಮತ್ತೆ ಎದ್ದರು, ಅಮ್ಮ ಮತ್ತೆ ಒತ್ತಿದರು. ಆರಡಿಯ ಆ ರೈತ ಹೆಂಗಸು ನನ್ನ ಐದಡಿಯ ಅಮ್ಮನನ್ನು ಒಂದು ಕೈಯಲ್ಲಿ ಪಕ್ಕಕ್ಕೆ ಎತ್ತಿಡಬಹುದಿತ್ತು. ಎತ್ತಲಿಲ್ಲ. ಅಮ್ಮ ತಾವೇ ಕಪಾಟು ತಡಕಿ ತಟ್ಟೆ ಹುಡುಕಿ, ಅನ್ನ ಬಡಿಸಿ, ತೊವ್ವೆ ಹಾಕಿ, ತುಪ್ಪ ಬಿಟ್ಟು, ಚಮಚ ಇಟ್ಟು, ಪಕ್ಕದಲ್ಲಿ ನಿಂತರು. ನಾನು ಭಾಷಾಂತರಕಾರನಾಗಿ ಹೋದವನು, ಅಲ್ಲಿಯವರೆಗೆ ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ.

ಶರ್ಲಿ ತಟ್ಟೆಯನ್ನು ನೋಡುತ್ತ ಕೂತರು. ಎರಡು ಕೈಗಳನ್ನೂ ಮೇಜಿನ ಮೇಲಿಟ್ಟರು, ಮಡಿಲಿಗೆ ತೆಗೆದುಕೊಂಡರು, ಮತ್ತೆ ಮೇಜಿನ ಮೇಲಿಟ್ಟರು.

"ಕೈನ ಎಲ್ಲಿಟ್ಕೋಬೇಕು ಅಂತಾನೇ ಗೊತ್ತಾಗ್ತಿಲ್ಲ" ಎಂದರು.

ಆಮೇಲೆ ಮಾತು ಬಂತು. ಬೆಳಗಿನ ಟೀ ಮಾತ್ರ ಕೆನ್ ಮಾಡುತ್ತಿದ್ದನಂತೆ. ಮದುವೆಯಾದ ಲಾಗಾಯ್ತಿನಿಂದ, ಸುಗ್ಗಿಯಿರಲಿ, ಬರವಿರಲಿ, ಇಬ್ಬರೂ ಜಗಳವಾಡಿ ಮಾತು ಬಿಟ್ಟಿರಲಿ, ಕತ್ತಲಿರುವಾಗಲೇ ಎದ್ದು ಒಂದು ಕಪ್ಪನ್ನು ಮಂಚದ ಪಕ್ಕ ತಂದಿಡುತ್ತಿದ್ದನಂತೆ. ದಿನದಲ್ಲಿ ತಾನು ಕೂತು ಕುಡಿಯುತ್ತಿದ್ದದ್ದು ಅದೊಂದೇ. ಅವನು ಹೋದ ಮೇಲೆ ಬೆಳಿಗ್ಗೆ ತಾನು ಟೀ ಕುಡಿದಿಲ್ಲ, ಮಾಡಿಕೊಳ್ಳಲು ಕೈ ಬರುತ್ತಿಲ್ಲ ಎಂದರು. ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಶರ್ಲಿ ಅಳುತ್ತಿದ್ದರು. ಆಂಬುಲೆನ್ಸಿನಲ್ಲಿ ಅಳದವರು, ಸ್ಮಶಾನದಲ್ಲಿ ಅಳದವರು, ತೊವ್ವೆ ಅನ್ನದ ಮುಂದೆ ಸದ್ದು ಮಾಡಿ ಅತ್ತರು. ಅಮ್ಮ ಆಕೆಯ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡು, ಅಳು, ಅಳು ಎಂದು ಬೆನ್ನು ಸವರಿದರು.

ಅತ್ತಾದ ಮೇಲೆ ಶರ್ಲಿ ಉಂಡರು, ಪೂರ್ತಿ. ಅಮ್ಮ ನನ್ನ ಕಡೆ ತಿರುಗಿ, ಅವತ್ತಿನ ಆ ತಟ್ಟೆ ಏನಾಯಿತು ಕೇಳು ಎಂದರು. ಕೋಳಿಗಳಿಗೆ ಹಾಕಿಬಿಟ್ಟರಂತೆ. ಹಾಗಿದ್ದರೆ ಇನ್ನೊಂದು ಮಾಡಿಕೊಡಲಿ, ತಾನು ತಿನ್ನಬೇಕು ಎಂದರು ಅಮ್ಮ. ನನಗೆ ನನ್ನ ಕಿವಿಯ ಮೇಲೆ ನಂಬಿಕೆಯಾಗಲಿಲ್ಲ. ಹುಟ್ಟಿದಾರಭ್ಯ ಸಾವಿನ ಮನೆಯಲ್ಲಿ ನೀರು ಮುಟ್ಟದ ಹೆಂಗಸು. ಶರ್ಲಿ ಎದ್ದು ಸೌತೆಕಾಯಿ ಹೆಚ್ಚಿದರು. ಅಮ್ಮ ಕೆನ್ನನ ಕುರ್ಚಿಯಲ್ಲಿ ಕೂತು, ಮೊದಲು ಕಣ್ಣು ಮುಚ್ಚಿ ಕೈಮುಗಿದು, ಆಮೇಲೆ ತ್ರಿಕೋನವೊಂದನ್ನು ಎತ್ತಿಕೊಂಡು ನಿಧಾನವಾಗಿ ತಿಂದರು. ನನಗೂ ಒಂದು ಕೊಟ್ಟರು. ಸಪ್ಪೆಯಾಗಿತ್ತು, ಕಣ್ಣೀರೇ ಉಪ್ಪಾಯಿತು.

ಮರುದಿನದಿಂದ ಕತ್ತಲಿರುವಾಗಲೇ ಏಳುವ ಯೋಗ ನನ್ನದಾಯಿತು. ಅಮ್ಮನನ್ನು ಹೊಲದ ಮನೆಗೆ ಕರೆದೊಯ್ಯಬೇಕು, ಅಮ್ಮ ಶುಂಠಿ ಜಜ್ಜಿ ಹಾಲಿನಲ್ಲೇ ಕುದಿಸಿ ಟೀ ಮಾಡಬೇಕು, ಶರ್ಲಿ ಅದನ್ನು ಕೂತು ಕುಡಿಯಬೇಕು, ಆಮೇಲೆ ನಾನು ಆಫೀಸಿಗೆ ಓಡಬೇಕು. ಹಾಲಿನಲ್ಲಿ ಕುದಿಸಿದ ಟೀ ಆ ಸೀಮೆಯವರಿಗೆ ಪಾಯಸದ ಸಮಾನ. ಶರ್ಲಿ ಮುಖ ಸಿಂಡರಿಸದೆ ಕುಡಿದರೆಂಬುದು ಆಕೆಯ ಬಾಳಿನ ಸೇವಾಕಾರ್ಯಗಳಲ್ಲಿ ಸೇರಬೇಕಾದ ಸಂಗತಿ. ಹದಿಮೂರನೆಯ ದಿನದವರೆಗೆ ಹೀಗೇ ನಡೆಯಿತು. ಊರಿನವರು ಮತ್ತೆ ಸುಮಾಳ ಬಳಿ ಮಳೆಯ ವಿಷಯ ಎತ್ತತೊಡಗಿದರು. ಮುಂದಿನ ಸಾವಿಗೆ ಸಭಾಂಗಣದ ಅಡುಗೆಮನೆಯಲ್ಲಿ ಸುಮಾಳೂ ಬೆಣ್ಣೆ ಸವರುತ್ತ ನಿಂತಳು. ಆದರೆ ಶರ್ಲಿ ಬದಲಾದರೆಂದು ನೀವು ತಿಳಿಯಬೇಡಿ. ಏಪ್ರನ್ ಮತ್ತೆ ಸೊಂಟ ಸೇರಿತ್ತು, ಕೂತುಕೊಳ್ಳಿ ಎಂದರೆ ಅದೇ ನಗು.

ಆಕೆಯನ್ನು ನೆನೆದಾಗಲೆಲ್ಲ ನಾನು ನಮ್ಮ ಉಪಚಾರದ ಬಗ್ಗೆ ಯೋಚಿಸುತ್ತೇನೆ. ಬೇಡವೆಂದರೂ ಬಡಿಸುವುದನ್ನು ನಾವು ಮಹಾ ಸಂಸ್ಕೃತಿಯೆಂದು ಕೊಂಡಾಡುತ್ತೇವೆ, ಸರಿಯೇ. ಬಡಿಸಿಕೊಳ್ಳುವುದೂ ಕಲಿಯಬೇಕಾದ ವಿದ್ಯೆಯೆಂಬುದು ನನಗೆ ಹೊಳೆದಿರಲಿಲ್ಲ, ಏಕೆಂದರೆ ಆ ವಿದ್ಯೆಯಲ್ಲಿ ನಾನು ಬಾಲ್ಯದಿಂದಲೇ ಪಾರಂಗತ. ನನಗೆ ಬೇಕು ಎಂದು ಬಾಯಿಬಿಟ್ಟು ಹೇಳಲು, ಕೊಡುವವರು ಇದ್ದಾರೆಂಬ ನೆಚ್ಚಿಕೆ ಇರಬೇಕು. ಊರಿಗೆಲ್ಲ ಬಡಿಸುವವರಿಗೆ ಆ ನೆಚ್ಚಿಕೆ ಬೆಳೆಸಿಕೊಳ್ಳಲು ಪುರುಸೊತ್ತೆಲ್ಲಿ? ನಮ್ಮ ಮನೆಗಳ ಹೆಂಗಸರೂ ಎಲ್ಲರದಾದ ಮೇಲೆ ಅಡುಗೆಮನೆಯಲ್ಲಿ ಉಳಿದದ್ದನ್ನು ಉಂಡವರೇ. ಶರ್ಲಿ ಕೂರದೇ ಇದ್ದದ್ದು ಮೊದಲು ಅಮ್ಮನ ಕಣ್ಣಿಗೇ ಬಿದ್ದದ್ದು ಯಾಕೆಂದು ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು. ನಾನು ಅಮ್ಮ ಕೂತು ಉಂಡದ್ದನ್ನು ನೆನಪಿಸಿಕೊಳ್ಳಲು ಹೊರಟು ಸೋತೆ.

ನಮ್ಮ ವನವಾಸ ಮುಗಿದು ಪರ್ತಿಗೆ ಬಂದು ಕೆಲವು ವರ್ಷಗಳಾದವು. ಅಮ್ಮ ಈಗ ಬ್ರಿಸ್ಬೇನಿನಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಈ ವರ್ಷ ಬಿತ್ತನೆಯ ಹೊತ್ತಿಗೆ ಶರ್ಲಿಗೆ ಪರ್ತಿನಲ್ಲಿ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಜೆನ್ನಿ ಬಿತ್ತನೆ ಬಿಟ್ಟು ಬರುವಂತಿರಲಿಲ್ಲ. ನಡೆದಾಡುವಂತಾಗುವವರೆಗೆ ಯಾವುದಾದರೂ ಆರೈಕೆಯ ಮನೆಯಲ್ಲಿರುತ್ತೇನೆ, ಯಾರಿಗೂ ತೊಂದರೆ ಬೇಡ ಎಂದು ಶರ್ಲಿ ಏರ್ಪಾಟು ಮಾಡಿಕೊಂಡಿದ್ದರು. ಸುದ್ದಿ ಬ್ರಿಸ್ಬೇನಿಗೆ ಮುಟ್ಟಿತು. ಶರ್ಲಮ್ಮ ನಮ್ಮ ಮನೆಗೆ ಬರದಿದ್ದರೆ ತಾನೇ ವಿಮಾನ ಹತ್ತಿ ಬರುವುದಾಗಿ ಅಮ್ಮ ಸಾರಿದರು. ಅಮ್ಮ ಬಂದರೆ ಏನೇನಾಗುತ್ತದೆಂದು ಬಲ್ಲ ನಾನು ಅದೇ ದಿನ ಹೋಗಿ ಶರ್ಲಿಯನ್ನು ಕರೆತಂದೆ.

ಮೊದಲ ಕೆಲವು ದಿನಗಳ ಪಾಡು ಕೇಳಬೇಡಿ. ಊರುಗೋಲಿನ ಸಮೇತ ಸಿಂಕಿನ ಹತ್ತಿರ ಹೋಗಿ ನಿಲ್ಲುವುದು, ಸುಮಾ ಗದರಿ ಕರೆತರುವುದು. ತಟ್ಟೆ ಮುಂದಿಟ್ಟರೆ ನಾಲ್ಕು ತುತ್ತು ತಿಂದು, ಸಾಕಮ್ಮ, ತುಂಬಾ ಆಯಿತು ಎನ್ನುವುದು. ನೋವಿದೆಯೇ ಎಂದರೆ ಇಲ್ಲ, ದಿಂಬು ಬೇಕೇ ಎಂದರೆ ಬೇಡ, ಟಿವಿ ಹಾಕಲೇ ಎಂದರೆ ನಿಮಗೆ ಬೇಕಿದ್ದರೆ ಹಾಕಿಕೊಳ್ಳಿ. ಅಮ್ಮ ದಿನವೂ ಫೋನು ಮಾಡಿ ಕೇಳುತ್ತಿದ್ದದ್ದು ಒಂದೇ, ಹೊಟ್ಟೆ ತುಂಬಾ ಉಣ್ಣುತ್ತಿದ್ದಾಳಾ ಎಂದು. ಇಲ್ಲ ಎಂದು ಹೇಳುವುದು ನನಗೆ ಸಂಕಟವಾಗುತ್ತಿತ್ತು. ಎರಡು ಕಡೆಯೂ ನನ್ನ ತಾಯಂದಿರೇ ಇದ್ದ ಹಾಗಾಗಿತ್ತು ನನ್ನ ಸ್ಥಿತಿ.

ಮೊನ್ನೆ ರಾತ್ರಿ ಸುಮಾ ಕೊನೆಯ ಚಪಾತಿಗಳನ್ನು ಬೇಯಿಸುತ್ತಿದ್ದಳು, ನಾನೂ ಶರ್ಲಿಯೂ ಮೇಜಿನ ಬಳಿ ಕೂತು ಉಣ್ಣುತ್ತಿದ್ದೆವು. ಹೀರೇಕಾಯಿ ತೊವ್ವೆ. ಶರ್ಲಿಯ ತಟ್ಟೆ ಖಾಲಿಯಾಯಿತು. ಇನ್ನೇನು ಊರುಗೋಲಿಗೆ ಕೈ ಹಾಕುತ್ತಾರೆಂದು ನಾನು ಕಾಯುತ್ತಿದ್ದೆ. ಶರ್ಲಿ ಎರಡೂ ಕೈಯಲ್ಲಿ ತಟ್ಟೆಯನ್ನು ಎತ್ತಿ ಒಲೆಯ ಕಡೆಗೆ ಚಾಚಿದರು.

"ಸುಮಾ, ಇನ್ನೂ ಹಸಿವಿದೆ. ಇನ್ನೊಂಚೂರು ಹಾಕ್ತೀಯಾ?"

ಸುಮಾ ಚಪಾತಿಯನ್ನು ಕಾವಲಿಯ ಮೇಲೇ ಬಿಟ್ಟು ಬಂದು, ಬಡಿಸಿ, ಪಕ್ಕದಲ್ಲೇ ಕೂತಳು. ಅದು ಸೀದು ಕರಕಲಾಯಿತು, ನಾವು ಮೂವರೂ ನೋಡುತ್ತಲೇ ಇದ್ದೆವು, ಯಾರೂ ಏಳಲಿಲ್ಲ.